ಹಳೆಯ ದೋಣಿಯ ಜೀರ್ಣೋದ್ಧಾರ: ಮರ, ಅಂಟು ಮತ್ತು ಎರಡು ಚಕ್ರದ ಗಾಡಿ

ಜೀರ್ಣೋದ್ಧಾರ ಎಂಬ ಮಾತನ್ನು ನಾವು ಸಾಮಾನ್ಯವಾಗಿ ದೇವಾಲಯಗಳಿಗೂ ಊರಿನ ಹಳೆಯ ಮನೆಗಳಿಗೂ ಮೀಸಲಿಟ್ಟಿದ್ದೇವೆ. ಹದಿಮೂರು ಅಡಿ ಉದ್ದದ ಒಂದು ಮರದ ದೋಣಿಗೆ ಅದನ್ನು ಬಳಸಿದರೆ ಓದುಗರು ನಸುನಗಬಹುದು. ಆದರೆ ಎರಡು ವರ್ಷಗಳಿಗೂ ಮಿಕ್ಕಿ, ಬ್ಯಾಂಕಿಗೆ ರಜೆಯಿರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳನ್ನೂ ಬಹುತೇಕ ಎಲ್ಲ ಭಾನುವಾರಗಳನ್ನೂ ಅಂತಹ ಒಂದು ದೋಣಿಯ ಹೊಟ್ಟೆಯ ಕೆಳಗೆ ಮಲಗಿ ಕಳೆದ ನನಗೆ ಬೇರೆ ಪದ ಹೊಳೆಯುತ್ತಿಲ್ಲ. ಕಲಾ ಪದವೀಧರನಾಗಿ, ಮೂರು ದಶಕಗಳಿಂದ ಲೆಡ್ಜರು ಮತ್ತು ಸಾಲಪತ್ರಗಳ ನಡುವೆ ಬಾಳಿದವನಿಗೆ ಮರಗೆಲಸದ ಗಂಧವೂ ಇರಲಿಲ್ಲ. ಕಲಿತದ್ದೆಲ್ಲ ಆ ದೋಣಿಯಿಂದ, ಮತ್ತು ಅದರ ಒಡೆಯರಾದ ನನ್ನ ಭಾವನವರಿಂದ.

ಭಾವ ಗಂಗೊಳ್ಳಿಯ ಕಡೆಯವರು. ಹಡಗಿನ ಇಂಜಿನ್ ಕೋಣೆಗಳಲ್ಲಿ ಯೌವನ ಕಳೆದು ಮುಂಬಯಿಯಲ್ಲಿ ನೆಲೆ ನಿಂತವರು. 1986ರಲ್ಲಿ ಅವರು ಕೊಂಡ ಹಾಯಿದೋಣಿ 2004ರವರೆಗೆ ನೀರಿನಲ್ಲಿತ್ತು. ಅನಂತರ ಪನ್ವೇಲಿನ ಸ್ನೇಹಿತರೊಬ್ಬರ ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ, ತನ್ನದೇ ಟ್ರೇಲರಿನ ಮೇಲೆ ಹದಿನೆಂಟು ಮಳೆಗಾಲಗಳನ್ನು ಕಂಡಿತು. ಗುಜರಿಗೆ ಕೊಡಿ ಎಂದು ಅಕ್ಕ ಹೇಳುತ್ತಲೇ ಇದ್ದಳು. 2022ರಲ್ಲಿ ಭಾವನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದ ಎರಡನೇ ತಿಂಗಳಿಗೆ ಅವರು ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಮಾರಾಯ, ಒಂದು ಸಲ ಪನ್ವೇಲಿಗೆ ಹೋಗಿ ಬರುವನಾ? ದೋಣಿ ಉಂಟಾ ಇಲ್ಲವಾ ನೋಡಬೇಕಿತ್ತು." ಭಾರ ಎತ್ತಬಾರದೆಂದು ವೈದ್ಯರು ಅವರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ತಲೆ ಅವರದಾಯಿತು, ಕೈ ನನ್ನದಾಯಿತು.

ದೋಣಿಯ ಜಾತಿಯನ್ನು ಮೊದಲು ಹೇಳಬೇಕು. ಇದು 'ಎಂಟರ್‌ಪ್ರೈಸ್' ಎಂಬ ವರ್ಗದ್ದು. ಇಂಗ್ಲೆಂಡಿನ ಜಾಕ್ ಹೋಲ್ಟ್ ಎಂಬ ವಿನ್ಯಾಸಕಾರರು 1950ರ ದಶಕದ ನಡುವೆ, ಎರಡನೇ ಮಹಾಯುದ್ಧದ ನಂತರ ಪ್ಲೈವುಡ್ಡೂ ನೀರಿಗೆ ಬಗ್ಗದ ಅಂಟುಗಳೂ ಸಾಮಾನ್ಯರ ಕೈಗೆಟುಕಿದ ಕಾಲದಲ್ಲಿ ರೂಪಿಸಿದ ಇಬ್ಬರ ದೋಣಿ. 'ನ್ಯೂಸ್ ಕ್ರಾನಿಕಲ್' ಎಂಬ ಲಂಡನ್ನಿನ ದಿನಪತ್ರಿಕೆ 1956ರಲ್ಲಿ ಇದನ್ನು ಪ್ರಾಯೋಜಿಸಿ ಪ್ರಚಾರ ಮಾಡಿತು. ಉದ್ದ 4.04 ಮೀಟರ್, ಅಗಲ 1.60 ಮೀಟರ್, ಹಾಯಿಯ ಬಣ್ಣ ನೀಲಿ. ಮನೆಯ ಹಿತ್ತಲಲ್ಲಿ ಸಾಧಾರಣ ಹತಾರುಗಳಿಂದಲೂ ಕಟ್ಟಬಹುದಾದ್ದರಿಂದ 20,000ಕ್ಕೂ ಹೆಚ್ಚು ದೋಣಿಗಳು ಲೋಕದಾದ್ಯಂತ ತಯಾರಾದವು. ಪತ್ರಿಕೆಯೇನೋ 1960ರಲ್ಲಿ ನಿಂತುಹೋಯಿತು, ದೋಣಿ ಉಳಿಯಿತು.

ನಮ್ಮ ಮುಂಬಯಿಗೂ ಇದಕ್ಕೂ ಒಂದು ನಂಟಿದೆ. 1982ರ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆದರೂ ಹಾಯಿದೋಣಿಯ ಸ್ಪರ್ಧೆಗಳು ನಡೆದದ್ದು ಇಲ್ಲಿನ ಕಡಲಿನಲ್ಲಿ. ಫೈರ್‌ಬಾಲ್ ವರ್ಗದ ಚಿನ್ನವನ್ನು ಭಾರತದ ಫಾರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಗೆದ್ದರು. ಎಂಟರ್‌ಪ್ರೈಸ್ ವರ್ಗದ ಚಿನ್ನವನ್ನು ಕರಾಚಿಯಿಂದ ಬಂದ ಪಾರ್ಸಿ ದಂಪತಿ, ಬೈರಾಮ್ ಅವಾರಿ ಮತ್ತು ಗೋಷ್ಪಿ ಅವಾರಿ, ಪಾಕಿಸ್ತಾನಕ್ಕೆ ಕೊಂಡೊಯ್ದರು. ಗಂಡಹೆಂಡಿರು ಒಂದೇ ದೋಣಿಯಲ್ಲಿ ಕೂತು ಗೆದ್ದದ್ದನ್ನು ಕಂಡ ಭಾವನಿಗೆ ಎಂಟರ್‌ಪ್ರೈಸಿನ ಹುಚ್ಚು ಹಿಡಿಯಿತು. ಅಕ್ಕ ಮಾತ್ರ ಒಂದು ದಿನವೂ ಅದರಲ್ಲಿ ಕೂರಲಿಲ್ಲ ಎಂಬುದು ಬೇರೆ ಕಥೆ.

ಪನ್ವೇಲಿನಲ್ಲಿ ನಾವು ಕಂಡದ್ದು ಹಸಿರು ಪಾಚಿಗಟ್ಟಿದ ಒಂದು ಆಕೃತಿ. ಒಳಗೆ ಒಂದು ಮೂಲೆಯಲ್ಲಿ ಕೊಳೆತ ಎಲೆಗಳು, ಅವುಗಳ ಕೆಳಗೆ ಕಪ್ಪು ನೀರು. ಟ್ರೇಲರಿನ ಟಯರುಗಳು ಕುಸಿದು ಮಣ್ಣಿನಲ್ಲಿ ಹೂತಿದ್ದವು. ಭಾವ ಏನೂ ಮಾತಾಡದೆ ಜೇಬಿನಿಂದ ಚಿಕ್ಕ ಸ್ಕ್ರೂಡ್ರೈವರ್ ತೆಗೆದು, ಹಿಂಬದಿಯ ಹಲಗೆಯ ಬುಡಕ್ಕೆ ಒತ್ತಿದರು. ಬೆಣ್ಣೆಗೆ ಚೂರಿ ಹೊಕ್ಕಂತೆ ಅದು ಹಿಡಿಯವರೆಗೂ ಹೊಕ್ಕಿತು.

ಇಲ್ಲಿ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಕೆಲಸದ ಬುಡ ಇದೇ. ಮರದ ದೋಣಿಯನ್ನು ಸಮುದ್ರ ಕೊಳೆಸುತ್ತದೆ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಮರವನ್ನು ಲಡ್ಡು ಮಾಡುವುದು ಶಿಲೀಂಧ್ರ. ಅದಕ್ಕೆ ಬೇಕಾದುದು ಸಿಹಿನೀರು, ಬೆಚ್ಚಗಿನ ಹವೆ ಮತ್ತು ಆಡದ ಗಾಳಿ. ಉಪ್ಪುನೀರಿನಲ್ಲಿ ಅದು ಸುಲಭವಾಗಿ ಬೆಳೆಯಲಾರದು. ಉಪ್ಪುನೀರಿಗೆ ಬೇರೆ ಶತ್ರುಗಳಿದ್ದಾವೆ: ಮರ ಕೊರೆಯುವ ಹುಳು, ಲೋಹ ತಿನ್ನುವ ಗುಣ. ಆದರೆ ಕೊಳೆತಕ್ಕೆ ಕಾರಣ ಮಳೆ. ಮರದೊಳಗಿನ ತೇವ ಅದರ ಒಣತೂಕದ ಶೇ. 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ತಲೆಯೆತ್ತುವುದಿಲ್ಲ. ಮುಂಬಯಿಯ ಸುತ್ತಮುತ್ತ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿದ ಮಳೆ ನಾಲ್ಕು ತಿಂಗಳಲ್ಲಿ ಸುರಿಯುವಾಗ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು ಕಟ್ಟಿದ ದೋಣಿಯೊಳಗೆ ಆ ಶೇ. 20ನ್ನು ಕಾಯುವವರು ಯಾರು? ಬಿಗಿದ ಹೊದಿಕೆ ಹೊದಿಕೆಯಿಲ್ಲದುದಕ್ಕಿಂತಲೂ ಕೆಟ್ಟದ್ದು. ಒಳಗಿನ ಹಬೆ ಹೊರಹೋಗದೆ ರಾತ್ರಿ ನೀರಾಗಿ ಮರಕ್ಕೇ ಇಳಿಯುತ್ತದೆ. ನಮ್ಮೂರಿನ ಬೆಸ್ತರು ಮಳೆಗಾಲದಲ್ಲಿ ದೋಣಿಯನ್ನು ಮಗುಚಿ, ಕೆಳಗೆ ಗಾಳಿಯಾಡುವಂತೆ ತುಂಡು ಮರಗಳನ್ನಿಟ್ಟು, ಮೇಲೆ ಮಡಲಿನ ಚಪ್ಪರ ಹಾಕುತ್ತಿದ್ದುದನ್ನು ನಾವಿಬ್ಬರೂ ಬಾಲ್ಯದಲ್ಲಿ ಕಂಡವರು. ಕಂಡೂ ಕಲಿಯಲಿಲ್ಲ.

ಪರೀಕ್ಷೆಗೆ ಒಂದು ಕ್ರಮವಿದೆ. ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಅಂಗೈಯಗಲ ಬಿಟ್ಟು ಅಂಗೈಯಗಲಕ್ಕೆ ಬಡಿಯುತ್ತ ಹೋಗಬೇಕು. ಗಟ್ಟಿ ಮರ ಟಣ್ಣೆಂದು ಉತ್ತರಿಸುತ್ತದೆ, ಪದರ ಬಿಟ್ಟದ್ದು ಅಥವಾ ಕೊಳೆತದ್ದು ಒದ್ದೆ ರಟ್ಟಿನಂತೆ ಮಂಕಾಗಿ ಸದ್ದು ಮಾಡುತ್ತದೆ. ಸಂದೇಹ ಬಂದಲ್ಲಿ ಮೊನೆಯಿಂದ ಚುಚ್ಚಿ, ಸೀಮೆಸುಣ್ಣದಿಂದ ಗುರುತು ಹಾಕಬೇಕು. ಕೊಳೆತ ಸುಮ್ಮನೆ ಎಲ್ಲೆಂದರಲ್ಲಿ ಇರುವುದಿಲ್ಲ. ನೀರು ನಿಲ್ಲುವಲ್ಲಿ, ಮರದ ಎಳೆಯ ತುದಿ ತೆರೆದಿರುವಲ್ಲಿ, ಗಾಳಿಯಾಡದಲ್ಲಿ ಇರುತ್ತದೆ: ಹಿಂಬದಿಯ ಹಲಗೆಯ ಬುಡ, ಕೂವೆಕಂಬ ಊರುವ ಜಾಗ, ಮುಂಭಾಗದ ಅಟ್ಟದ ಅಡಿ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ನಡುಹಲಗೆಯ ಪೆಟ್ಟಿಗೆ. ಹಾಯಿದೋಣಿ ಗಾಳಿಗೆ ಪಕ್ಕಕ್ಕೆ ಜಾರದಂತೆ ಒಂದು ಹಲಗೆಯನ್ನು ತಳದ ಸೀಳಿನ ಮೂಲಕ ನೀರಿಗೆ ಇಳಿಸುತ್ತಾರೆ. ಆ ಸೀಳಿನ ಸುತ್ತ ಕಟ್ಟಿದ ಕಿರಿದಾದ ಪೆಟ್ಟಿಗೆಯ ಮೇಲೆ ಅಲೆಯ ಒತ್ತಡವೆಲ್ಲ ಬೀಳುತ್ತದೆ. ತಳದೊಡನೆ ಅದು ಸೇರುವ ಸಂದಿ ಸಡಿಲವಾಗದ ಹಳೆಯ ದೋಣಿ ಇಲ್ಲವೆಂದೇ ಭಾವನವರ ಅಭಿಪ್ರಾಯ.

ನಮ್ಮ ಸೀಮೆಸುಣ್ಣದ ಗುರುತುಗಳು ಹನ್ನೊಂದಾದವು. ಅವುಗಳಲ್ಲಿ ಏಳು ಒಂದೇ ಕಡೆ, ತಳದ ಎಡಭಾಗದಲ್ಲಿ. ಅಲ್ಲಿ 1990ರ ದಶಕದಲ್ಲಿ ಒಂದು ಕಾರ್ಯಾಗಾರದವರು ಬಿರುಕಿನ ಮೇಲೆ ಗಾಜಿನ ನಾರಿನ ಹಾಸು ಹಾಕಿ, ಪಾಲಿಯೆಸ್ಟರ್ ರಾಳ ಬಳಿದು 'ಪಕ್ಕಾ' ಮಾಡಿಕೊಟ್ಟಿದ್ದರು. ಆ ರಾಳ ಮರವನ್ನು ದೀರ್ಘಕಾಲ ಹಿಡಿದುಕೊಳ್ಳುವುದಿಲ್ಲ. ಮರ ಒದ್ದೆಯಿದ್ದಾಗ ಬಳಿದರಂತೂ ಕೇಳುವುದೇ ಬೇಡ. ಉಗುರಿನಿಂದ ಎತ್ತಿದರೆ ಇಡೀ ಹಾಸು ಹಲಸಿನ ಸಿಪ್ಪೆಯಂತೆ ಎದ್ದು ಬಂತು. ಕೆಳಗಿದ್ದ ಪ್ಲೈವುಡ್ಡನ್ನು ಬೆರಳಿನಿಂದ ಹಿಂಡಿ ನೀರು ತೆಗೆಯಬಹುದಿತ್ತು. ಮುಚ್ಚಿಟ್ಟ ದೋಷ ಬಡ್ಡಿ ಸಮೇತ ಮರಳುವುದನ್ನು ನನ್ನ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಮರದಲ್ಲಿ ಕಂಡದ್ದು ಅದೇ ಮೊದಲು.

ಈಗ ಲೆಕ್ಕದ ಪ್ರಶ್ನೆ. ಬ್ಯಾಂಕಿನವನಾಗಿ ನಾನೊಂದು ಕಾಗದದ ಮೇಲೆ ಖರ್ಚು ಬರೆದು ಭಾವನ ಮುಂದಿಟ್ಟೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಆ ಹಣಕ್ಕೆ ಬಳಸಿದ ಫೈಬರ್ ದೋಣಿಯೊಂದನ್ನು ಕೊಂಡು ಮರುದಿನವೇ ನೀರಿಗಿಳಿಸಬಹುದಿತ್ತು. ಹಳೆಯ ದೋಣಿಯನ್ನು ದುರಸ್ತಿ ಮಾಡಿ ಉಳಿತಾಯ ಮಾಡಿದೆನೆಂದು ಯಾರಾದರೂ ಹೇಳಿದರೆ ಅವರು ತಮ್ಮ ದುಡಿಮೆಗೆ ಬೆಲೆ ಕಟ್ಟಿಲ್ಲವೆಂದೇ ಅರ್ಥ. ಭಾವ ಕಾಗದವನ್ನು ಪೂರ್ತಿ ಓದಿ, ಮಡಿಸಿ, ಕಿಸೆಗೆ ಹಾಕಿಕೊಂಡು, "ಮೊಮ್ಮಗಳಿಗೆ ಇದರಲ್ಲೇ ಕಲಿಸುವುದು ಅಂತ ಇತ್ತು" ಎಂದರು. ಮೊಮ್ಮಗಳಿಗೆ ಆಗ ಹನ್ನೊಂದು ವರ್ಷ. ಲೆಕ್ಕ ಅಲ್ಲಿಗೆ ಮುಗಿಯಿತು.

ಮೊದಲ ಕೆಲಸ ಒಣಗಿಸುವುದು. ಇದರಲ್ಲಿ ಅವಸರ ಮಾಡಿದವರು ಕೆಡುತ್ತಾರೆ. ಲೋಹದ ಜೋಡಣೆಗಳನ್ನೆಲ್ಲ ಬಿಚ್ಚಿ, ಪ್ರತಿಯೊಂದನ್ನೂ ಚೀಟಿ ಹಚ್ಚಿದ ಡಬ್ಬಿಗೆ ಹಾಕಿ, ಫೋಟೋ ತೆಗೆದುಕೊಂಡೆವು. ಬಿಚ್ಚುವುದು ಸುಲಭ, ಎರಡು ವರ್ಷಗಳ ನಂತರ ಯಾವುದು ಎಲ್ಲಿಯದೆಂದು ನೆನಪಿಸಿಕೊಳ್ಳುವುದು ಕಷ್ಟ. ಹಿತ್ತಾಳೆಯ ಸ್ಕ್ರೂಗಳ ವಿಷಯದಲ್ಲಿ ಒಂದು ಪಾಠವಾಯಿತು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಉಪ್ಪುನೀರು ವರ್ಷಗಟ್ಟಲೆ ತಾಗಿದರೆ ಸತು ಕರಗಿ ಹೋಗಿ ಗುಲಾಬಿ ಬಣ್ಣದ, ಸ್ಪಂಜಿನಂತಹ ತಾಮ್ರ ಉಳಿಯುತ್ತದೆ. ನೋಡಲು ಸ್ಕ್ರೂ ಸರಿಯಾಗಿಯೇ ಇರುತ್ತದೆ, ತಿರುಗಿಸಿದರೆ ಕತ್ತು ಮುರಿದು ಕೈಗೆ ಬರುತ್ತದೆ. ತುಕ್ಕು ಹಿಡಿಯದ ಉಕ್ಕು ಎಂದು ನಾವು ಕರೆಯುವ ಸ್ಟೇನ್‌ಲೆಸ್ ಸ್ಟೀಲೂ ಗಾಳಿ ತಾಗದ ಒದ್ದೆ ಮರದೊಳಗೆ ಬಿರುಕು ಬಿಟ್ಟು ತುಕ್ಕುಗಟ್ಟುತ್ತದೆ. ಅದಕ್ಕೆ ಹೊಳಪು ಕೊಡುವ ಪದರ ಆಮ್ಲಜನಕವಿಲ್ಲದೆ ಉಳಿಯುವುದಿಲ್ಲ. ನೀರಿನಡಿಯ ಜಾಗಗಳಿಗೆ ಸಿಲಿಕಾನ್ ಬೆರೆತ ಕಂಚಿನ ಸ್ಕ್ರೂ ಉತ್ತಮ. ಹೊರಬರದೆ ಹಟ ಹಿಡಿದ ಸ್ಕ್ರೂವಿನ ತಲೆಗೆ ರೇಡಿಯೋ ರಿಪೇರಿಯವರ ಬೆಸುಗೆಕಡ್ಡಿಯನ್ನು ಎರಡು ನಿಮಿಷ ತಾಗಿಸಿ ಬಿಸಿ ಮಾಡಿದರೆ ಅರ್ಧಕ್ಕರ್ಧ ಸಡಿಲವಾಗುತ್ತವೆ.

ಹಳೆಯ ಬಣ್ಣ ತೆಗೆಯುವಾಗ ಜಾಗ್ರತೆ ಬೇಕು. ನಮ್ಮ ದೇಶದಲ್ಲಿ ಗೃಹೋಪಯೋಗಿ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸವಿದೆಯೆಂದೇ ಭಾವಿಸಿ, ಒದ್ದೆ ಮಾಡಿ ಉಜ್ಜಬೇಕು, ಬೆಂಕಿಯಿಂದ ಸುಡಬಾರದು, ಮುಖಕ್ಕೆ ಸರಿಯಾದ ಮಾಸ್ಕ್ ಧರಿಸಬೇಕು. ಕೋವಿಡ್ ಕಾಲದ ಮಾಸ್ಕುಗಳು ಮನೆಯಲ್ಲಿ ರಾಶಿ ಬಿದ್ದಿದ್ದವು, ಸದ್ಬಳಕೆಯಾದವು. ಏಳು ಪದರ ಬಣ್ಣ ಬಂತು. ಅತ್ಯಂತ ಕೆಳಗಿನದು ತಿಳಿ ಹಳದಿ. ತಾವು ಕೊಂಡಾಗ ದೋಣಿ ಬಿಳಿಯಿತ್ತೆಂದು ಭಾವ ಹೇಳುತ್ತಿದ್ದರು. ಅದಕ್ಕೂ ಹಿಂದಿನ ಯಾರದೋ ಹಳದಿ ಅದು. ಅಂತೂ 2023ರ ಬೇಸಿಗೆಯೆಲ್ಲ ದೋಣಿ ಬರಿಮೈಯಲ್ಲಿ ನೆರಳಿನಲ್ಲಿ ಒಣಗಿತು.

ಮರ ಕೊಳ್ಳುವ ಪ್ರಸಂಗ ಮುಂಬಯಿಯ ಓದುಗರಿಗೆ ಉಪಯುಕ್ತವಾದೀತು. ಅಡುಗೆಮನೆಯ ಕಪಾಟು ಮಾಡಿಸುವಾಗಲೂ 'ಮರೀನ್ ಪ್ಲೈ' ಎಂಬ ಮಾತನ್ನು ಅಂಗಡಿಯವರು ಧಾರಾಳವಾಗಿ ಬಳಸುತ್ತಾರೆ. ಭಾರತೀಯ ಮಾನಕದ ಪ್ರಕಾರ ಮರೀನ್ ಪ್ಲೈವುಡ್ಡಿಗೆ ಐ.ಎಸ್. 710 ಎಂಬ ಸಂಖ್ಯೆಯಿದೆ. ಐ.ಎಸ್. 303 ಎಂಬುದು ಸಾಮಾನ್ಯ ಬಳಕೆಯ ಹಲಗೆ. ಅದರಲ್ಲಿ ನೀರು ತಡೆಯುವ ದರ್ಜೆಯಿದ್ದರೂ ದೋಣಿಗೆ ಸಲ್ಲದು. 710ರ ಅಂಟನ್ನು 72 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ. ಮುದ್ರೆಯನ್ನು ನಂಬದ ಭಾವ ಅಂಗೈಯಗಲದ ತುಂಡೊಂದನ್ನು ಅಕ್ಕನ ಹಳೆಯ ಪಾತ್ರೆಯಲ್ಲಿ ಹಾಕಿ ಒಂದಿಡೀ ದಿನ ಕುದಿಸಿದರು. ಮೊದಲ ಅಂಗಡಿಯ ತುಂಡು ಮಧ್ಯಾಹ್ನಕ್ಕೆ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿತು, ಎರಡನೆಯದು ಉಳಿಯಿತು. ಪಾತ್ರೆ ಮಾತ್ರ ಉಳಿಯಲಿಲ್ಲ. ಅಕ್ಕ ಅದನ್ನು ಗುಜರಿಗೆ ಹಾಕಿದಳು. ಹಲಗೆಯ ಅಂಚನ್ನು ಟಾರ್ಚ್ ಹಿಡಿದು ನೋಡುವುದೂ ಅಗತ್ಯ. ಒಳಪದರಗಳಲ್ಲಿ ಟೊಳ್ಳುಗಳಿದ್ದರೆ ನೀರಿಗೆ ಅದೇ ದಾರಿ.

ಕೊಳೆತ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಹೊಸ ತುಂಡನ್ನು ಅಂಚಿಗೆ ಅಂಚು ತಾಗಿಸಿ ಅಂಟಿಸಿದರೆ ಅದು ನಿಲ್ಲುವುದಿಲ್ಲ. ಎರಡರ ಅಂಚನ್ನೂ ಇಳಿಜಾರಾಗಿ ಕೆತ್ತಬೇಕು. ಇಳಿಜಾರಿನ ಉದ್ದ ಹಲಗೆಯ ದಪ್ಪದ ಎಂಟು ಪಟ್ಟು ಇರಬೇಕೆಂಬುದು ಒಪ್ಪಿತವಾದ ನಿಯಮ: 6 ಮಿ.ಮೀ. ಹಲಗೆಗೆ 48 ಮಿ.ಮೀ. ಹೀಗೆ ಕೆತ್ತಿದಾಗ ಅಂಟಿಗೆ ಸಿಗುವ ಮೈ ಎಂಟು ಪಾಲಾಗುತ್ತದೆ, ಎಳೆತವೆಲ್ಲ ಒಂದೇ ಗೆರೆಯ ಮೇಲೆ ಬೀಳದೆ ಹರಡಿಕೊಳ್ಳುತ್ತದೆ, ಮತ್ತು ಹಲಗೆ ಬಾಗುವಾಗ ಹೊಸದು ಹಳೆಯದು ಒಂದೇ ವಕ್ರದಲ್ಲಿ ಬಾಗುತ್ತವೆ. ಕೀಸುಳಿ ಹಿಡಿದು ಇದನ್ನು ಮಾಡಲು ನನಗೆ ಮೂರು ಭಾನುವಾರಗಳು ಹಿಡಿದವು. ಪ್ಲೈವುಡ್ಡಿನ ಪದರಗಳೇ ಇಲ್ಲಿ ಗುರು. ಇಳಿಜಾರು ಸಮವಾಗಿದ್ದರೆ ಪದರಗಳು ಸಮಾನಾಂತರ ಪಟ್ಟೆಗಳಾಗಿ ಕಾಣುತ್ತವೆ, ಓರೆಯಾಗಿದ್ದರೆ ಪಟ್ಟೆಗಳೂ ಓರೆ. ನನ್ನ ಮೊದಲ ಎರಡು ತುಂಡುಗಳು ನಕಾಶೆಯ ಗುಡ್ಡಗಾಡಿನಂತಿದ್ದವು.

ಅಂಟು ಇಪಾಕ್ಸಿ. ರಾಳ ಮತ್ತು ಗಡಸುಕಾರಿ ಎಂಬ ಎರಡು ದ್ರವಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಗಡಸುಕಾರಿಯನ್ನು ಹೆಚ್ಚು ಹಾಕಿದರೆ ಅಂಟು ದುರ್ಬಲವಾಗುತ್ತದೆಯೇ ಹೊರತು ಬೇಗ ಗಟ್ಟಿಯಾಗದು. ಬೆರೆತೊಡನೆ ಅದು ಶಾಖ ಬಿಡುತ್ತದೆ. ಲೋಟದಲ್ಲಿ ರಾಶಿಯಾಗಿ ಇಟ್ಟರೆ ಶಾಖ ಒಳಗೇ ಉಳಿದು, ಏಪ್ರಿಲಿನ ಸೆಕೆಯಲ್ಲಿ ಹತ್ತು ನಿಮಿಷಕ್ಕೆ ಹೊಗೆಯಾಡುವ ಕಲ್ಲಾಗುತ್ತದೆ. ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿಟ್ಟರೆ ಸಮಯ ಸಿಗುತ್ತದೆ. ಮೊದಲು ಬರಿಯ ಇಪಾಕ್ಸಿಯನ್ನು ಎರಡೂ ಮೈಗೆ ಬಳಿದು ಮರ ಕುಡಿಯಲು ಬಿಟ್ಟು, ಅನಂತರ ಮರದ ಹಿಟ್ಟು ಬೆರೆಸಿ ಚಟ್ನಿಯ ಹದಕ್ಕೆ ತಂದುದನ್ನು ಹಚ್ಚಿ ಒತ್ತಬೇಕು. ತುಂಬಾ ಬಿಗಿಯಾಗಿ ಒತ್ತಿದರೆ ಅಂಟೆಲ್ಲ ಹೊರಬಂದು ಸಂದಿ ಬರಿದಾಗುತ್ತದೆ. ಕ್ಲಾಂಪನ್ನು ಮತ್ತೂ ಒಂದು ಸುತ್ತು ತಿರುಗಿಸಬೇಕೆಂಬ ನನ್ನ ಚಪಲಕ್ಕೆ ಭಾವ ಪ್ರತಿಸಲವೂ, "ಸಾಕು ಮಾರಾಯ, ಅದು ಕಳ್ಳ ಅಲ್ಲ" ಎನ್ನುತ್ತಿದ್ದರು.

ಪ್ಲೈವುಡ್ಡು, ಇಪಾಕ್ಸಿಗಳೆಲ್ಲ ನಿನ್ನೆ ಮೊನ್ನೆಯವು. ಪಶ್ಚಿಮ ಕರಾವಳಿಯ ಪೂರ್ವಿಕರು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಡಲು ದಾಟುವ ಹಡಗು ಕಟ್ಟುತ್ತಿದ್ದರು. ಅದೇ ವಿಧಾನದಲ್ಲಿ ಗೋವೆಯಲ್ಲಿ ಕಟ್ಟಿದ 'ಕೌಂಡಿನ್ಯ' ಎಂಬ ಹಾಯಿಹಡಗು 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಆ ಸುದ್ದಿ ಬಂದ ದಿನ ಭಾವ ಪತ್ರಿಕೆಯ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡರು.

ನಮ್ಮ ದೊಡ್ಡ ಪ್ರಮಾದದ ಬಗ್ಗೆಯೂ ಹೇಳಿಬಿಡುತ್ತೇನೆ. ಇಪಾಕ್ಸಿ ಗಟ್ಟಿಯಾಗುವಾಗ, ವಿಶೇಷವಾಗಿ ಹವೆಯಲ್ಲಿ ತೇವವಿದ್ದಾಗ, ಅದರ ಮೈಮೇಲೆ ಮೇಣದಂತಹ ತೆಳುಪೊರೆ ಏಳುತ್ತದೆ. ಕಣ್ಣಿಗೆ ಕಾಣಿಸದು, ಬೆರಳಿಗೆ ಸ್ವಲ್ಪ ಜಿಡ್ಡು ಅನಿಸುತ್ತದೆ. ಅದು ನೀರಿನಲ್ಲಿ ಕರಗುವಂಥದು. ಪಾತ್ರೆ ತಿಕ್ಕುವ ನಾರು ಮತ್ತು ಸಾದಾ ನೀರಿನಿಂದ ತೊಳೆದರೆ ಹೋಗುತ್ತದೆ. ತೊಳೆಯದೆ ನೇರವಾಗಿ ಸ್ಯಾಂಡ್ ಪೇಪರ್ ಹಾಕಿದರೆ ಪೊರೆ ಹೋಗದೆ ಮೈತುಂಬ ಹರಡುತ್ತದೆ. 2024ರ ಮೇ ತಿಂಗಳಲ್ಲಿ, ಮಳೆ ಬರುವ ಮೊದಲೇ ಮುಗಿಸಬೇಕೆಂಬ ಆತುರದಲ್ಲಿ, ನಾನು ತೊಳೆಯಲಿಲ್ಲ. ಎರಡು ಕೈ ಬಣ್ಣ ಬಳಿದು ದೋಣಿ ಕನ್ನಡಿಯಂತಾಯಿತೆಂದು ಮನೆಮಂದಿಗೆಲ್ಲ ಫೋಟೋ ಕಳಿಸಿದೆ. ಜುಲೈಯಲ್ಲಿ ಹೋಗಿ ನೋಡಿದರೆ ಬಿಸಿಲಿಗೆ ಸುಟ್ಟ ಚರ್ಮದಂತೆ ಬಣ್ಣ ಸುಲಿದು ಜೋತಾಡುತ್ತಿತ್ತು. ಆ ಸಂಜೆ ಭಾವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾತ್ರ, "ನನಗೆ ಇನ್ನೆಷ್ಟು ಮಳೆಗಾಲ ಉಂಟೋ ಗೊತ್ತಿಲ್ಲ" ಎಂದರು. ನಾನು ಇಡೀ ಮಳೆಗಾಲ ಆ ಬಣ್ಣವನ್ನು ಕೆರೆದೆ. ಬಣ್ಣ, ವಾರ್ನಿಶ್‌ಗಳಿಗೆ ಮುಂಬಯಿಯಲ್ಲಿ ಸರಿಯಾದ ಕಾಲ ಡಿಸೆಂಬರಿನಿಂದ ಫೆಬ್ರವರಿ. ಅದೂ ಇಬ್ಬನಿ ಆರಿದ ಹತ್ತು ಗಂಟೆಯಿಂದ ಮೂರು ಗಂಟೆಯ ಒಳಗೆ. ಈ ವಾಕ್ಯದ ಬೆಲೆ ನನಗೆ ಆರು ತಿಂಗಳು.

ಟ್ರೇಲರಿನ ಕಡೆಗೆ

ದೋಣಿಗೆ ಸಲ್ಲುವ ಗೌರವ ಅದನ್ನು ಹೊರುವ ಗಾಡಿಗೆ ಸಲ್ಲುವುದಿಲ್ಲ. ಆದರೆ ದೋಣಿಗಳು ನೀರಿನಲ್ಲಿ ಕೆಡುವುದಕ್ಕಿಂತ ಹೆಚ್ಚಾಗಿ ಟ್ರೇಲರಿನ ಮೇಲೆ ಕೆಡುತ್ತವೆ ಎಂದು ಈಗ ನಾನು ಧೈರ್ಯವಾಗಿ ಹೇಳಬಲ್ಲೆ. ನೀರು ದೋಣಿಯನ್ನು ಮೈಯೆಲ್ಲ ಸಮನಾಗಿ ಎತ್ತಿ ಹಿಡಿಯುತ್ತದೆ, ಟ್ರೇಲರು ನಾಲ್ಕು ಬಿಂದುಗಳಲ್ಲಿ ಹಿಡಿಯುತ್ತದೆ. ಆ ಬಿಂದುಗಳು ಒಳಗಿನ ಪಕ್ಕೆಲುಬಿನ ಕೆಳಗೆ ಬರದಿದ್ದರೆ ತೆಳು ಹಲಗೆ ಒಳಸರಿಯುತ್ತದೆ. ನಮ್ಮ ತಳದ ಎಡಭಾಗದ ಆ ಮೊದಲ ಬಿರುಕೂ ಹಾಗೆಯೇ ಬಂದದ್ದೆಂದು ಆಸರೆಯ ಗುರುತು ನೋಡಿದಾಗ ತಿಳಿಯಿತು. ಹೊಸ ಆಸರೆಗಳನ್ನು ದೋಣಿಯ ವಕ್ರಕ್ಕೆ ತಕ್ಕಂತೆ ಅಗಲವಾಗಿ ಕೆತ್ತಿ, ಭಾರದ ಹೆಚ್ಚುಪಾಲನ್ನು ನಡುಬೆನ್ನಿನ ಕೆಳಗಿನ ರಬ್ಬರ್ ಉರುಳೆಗಳಿಗೆ ವರ್ಗಾಯಿಸಿದೆವು.

ಚೌಕಟ್ಟಿನ ಒಂದು ಭಾಗ ಚೌಕಾಕಾರದ ಪೊಳ್ಳು ಪೈಪು. ಪೊಳ್ಳು ಪೈಪಿನ ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗಿನ ಬಣ್ಣ ಚೆನ್ನಾಗಿರುವಾಗಲೇ ಗೋಡೆ ಕಾಗದದಷ್ಟು ತೆಳುವಾಗಿರಬಹುದು. ಸುತ್ತಿಗೆ ಇಲ್ಲಿಯೂ ಸತ್ಯ ನುಡಿಸುತ್ತದೆ. ಎರಡು ಅಡಿಯ ಭಾಗವನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಿ, ಚೌಕಟ್ಟನ್ನು ಕರಗಿದ ಸತುವಿನಲ್ಲಿ ಅದ್ದಿಸಿದೆವು. ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಸತುವಿನಲ್ಲಿ ಮುಳುಗಿಸಿದಾಗ ಸತು ಉಕ್ಕಿನೊಡನೆ ಬೆರೆತು ಗಟ್ಟಿ ಪದರವಾಗುತ್ತದೆ. ಎಲ್ಲಿಯಾದರೂ ಗೀರು ಬಿದ್ದರೂ ಸುತ್ತಲಿನ ಸತು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಎರಡು ಎಚ್ಚರಿಕೆಗಳು: ಪೊಳ್ಳು ಪೈಪಿಗೆ ಗಾಳಿ ಹೋಗುವ ತೂತುಗಳನ್ನು ಮೊದಲೇ ಕೊರೆದಿರಬೇಕು, ಇಲ್ಲವಾದರೆ ಒಳಗೆ ಸಿಕ್ಕ ಗಾಳಿ, ತೇವ ಹಿಗ್ಗಿ ಪೈಪು ಸಿಡಿಯಬಹುದು, ವೆಲ್ಡಿಂಗ್ ಏನಿದ್ದರೂ ಅದ್ದುವ ಮೊದಲೇ ಮುಗಿಸಬೇಕು, ಸತುವಿನ ಮೇಲೆ ವೆಲ್ಡ್ ಮಾಡಿದಾಗ ಏಳುವ ಹೊಗೆ ಜ್ವರ ತರಿಸುತ್ತದೆ.

ಚಕ್ರದ ಗುಂಬವೇ ಟ್ರೇಲರಿನ ಮರ್ಮಸ್ಥಾನ. ಹತ್ತಾರು ಕಿಲೋಮೀಟರ್ ಓಡಿ ಬಂದ ಚಕ್ರದ ಒಳಗೆ ಬೇರಿಂಗ್, ಗ್ರೀಸ್, ಸ್ವಲ್ಪ ಗಾಳಿ, ಎಲ್ಲವೂ ಬಿಸಿಯಾಗಿರುತ್ತವೆ. ದಡ ಸೇರಿದವರೇ ಅವಸರದಲ್ಲಿ ಟ್ರೇಲರನ್ನು ನೀರಿಗೆ ಇಳಿಸುತ್ತಾರೆ. ತಣ್ಣೀರು ತಾಗಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ, ಆ ಕುಗ್ಗುವಿಕೆಯೇ ಹೀರುಗೊಳವೆಯಂತೆ ಉಪ್ಪುನೀರನ್ನು ರಬ್ಬರ್ ಸೀಲಿನ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸು ನೀರಿನೊಡನೆ ಕಡೆದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಾಗೆಯೇ ತಿಂಗಳುಗಟ್ಟಲೆ ನಿಲ್ಲಿಸಿದರೆ ಬೇರಿಂಗಿನ ರೋಲರುಗಳಲ್ಲಿ ತುಕ್ಕಿನ ಗುಳಿಗಳು ಬಿದ್ದು, ಮುಂದಿನ ಪ್ರಯಾಣದಲ್ಲಿ ನಡುರಸ್ತೆಯಲ್ಲಿ ಚಕ್ರ ಸಿಕ್ಕಿಬೀಳುತ್ತದೆ. ಪರಿಹಾರ ಸರಳ: ಚಕ್ರ ಆರುವವರೆಗೆ ಕಾಯುವುದು, ಗುಂಬ ಮುಳುಗುವಷ್ಟು ಇಳಿಸದಿರುವುದು, ಮನೆಗೆ ಬಂದು ಸಿಹಿನೀರಿನಿಂದ ತೊಳೆಯುವುದು. ಬ್ರಿಟನ್ನಿನಲ್ಲಿ ಚಿಕ್ಕ ದೋಣಿಗಳಿಗೆ ರಸ್ತೆಯ ಟ್ರೇಲರಿನ ಮೇಲೆಯೇ ಕೂರುವ ಹಗುರವಾದ ಇನ್ನೊಂದು ಕೈಗಾಡಿಯಿರುತ್ತದೆ. ನೀರಿಗೆ ಇಳಿಯುವುದು ಅದು ಮಾತ್ರ. ನಾವೂ ಹಾಗೆಯೇ ಒಂದು ಕೈಗಾಡಿ ಮಾಡಿಸಿದೆವು.

ಹೊಸ ಟೇಪರ್ ರೋಲರ್ ಬೇರಿಂಗಿಗೆ ಗ್ರೀಸ್ ತುಂಬುವುದನ್ನು ಭಾವ ನನಗೆ ಬಿಡಲಿಲ್ಲ, ತಾವೇ ಮಾಡಿದರು. ಅಂಗೈಯಲ್ಲಿ ಗ್ರೀಸಿನ ಉಂಡೆ ಇಟ್ಟುಕೊಂಡು, ಬೇರಿಂಗಿನ ಅಗಲ ತುದಿಯನ್ನು ಅದಕ್ಕೆ ಒತ್ತಿ ಒತ್ತಿ, ಆಚೆಯ ಬದಿಯಿಂದ ಗ್ರೀಸು ಶ್ಯಾವಿಗೆಯಂತೆ ಹೊರಬರುವವರೆಗೆ. ಶಸ್ತ್ರಚಿಕಿತ್ಸೆಯ ನಂತರ ನಡುಗುತ್ತಿದ್ದ ಆ ಕೈ ಅಷ್ಟು ಹೊತ್ತು ನಡುಗಲಿಲ್ಲ. ಅನಂತರ ಚಕ್ರ ತಿರುಗಿಸುತ್ತಲೇ ನಟ್ಟನ್ನು ಬಿಗಿದು, ಒಂದಿಷ್ಟು ಹಿಂದಕ್ಕೆ ಸಡಿಲಿಸಿ, ಹೊಸ ಪಿನ್ನು ಹಾಕಿ ಬಾಗಿಸಿದರು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಬಳಸುವ ಜಿಪುಣತನ ಕೂಡದು.

ಟಯರುಗಳ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿತ್ತು. ಇಂಗ್ಲೆಂಡಿನ ಚಿಕ್ಕ ಟ್ರೇಲರುಗಳಲ್ಲಿ ಸಾಮಾನ್ಯವಾದ 4.00-8 ಅಳತೆಯೇ ನಮ್ಮ ಆಟೊರಿಕ್ಷಾದ ಟಯರಿನ ಅಳತೆ. ಕುರ್ಲಾದ ಯಾವ ಅಂಗಡಿಯಲ್ಲಿಯೂ ಸಿಗುತ್ತದೆ. ನಿಂತಲ್ಲೇ ನಿಂತ ಟಯರು ಸವೆಯದಿದ್ದರೂ ಮುದಿಯಾಗುತ್ತದೆ. ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ಬದಲಾಯಿಸಬೇಕು. ಕಮಾನು ಪಟ್ಟಿಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಎಣ್ಣೆ ಹಾಕಿದೆವು. ದೀಪಗಳನ್ನು ಕಳಚಬಹುದಾದ ಒಂದು ಹಲಗೆಗೆ ಜೋಡಿಸಿದೆವು, ನೀರಿನ ಬಳಿ ಬಿಚ್ಚಿಡಲು. ಮೂತಿಯ ಭಾರ ಒಟ್ಟು ತೂಕದ ಶೇ. 5ರಿಂದ 7 ಇರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರು ಹಾವಿನಂತೆ ಹೊರಳಾಡುತ್ತದೆ. ಒಟ್ಟು ಸುಮಾರು 250 ಕಿಲೋ ಇದ್ದ ನಮ್ಮದಕ್ಕೆ ಅಕ್ಕನ ತೂಕ ನೋಡುವ ಯಂತ್ರವನ್ನೇ ಮೂತಿಯ ಕೆಳಗಿಟ್ಟು, 15 ಕಿಲೋ ತೋರಿಸುವವರೆಗೆ ದೋಣಿಯನ್ನು ಹಿಂದೆ ಮುಂದೆ ಸರಿಸಿದೆವು.

ಇಷ್ಟೆಲ್ಲ ಆದ ಮೇಲೆ ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ವಾಹನ ಎಳೆಯುವ ಟ್ರೇಲರೂ ಮೋಟಾರು ವಾಹನವೇ. ನೋಂದಣಿ ಇಲ್ಲದೆ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ನಮ್ಮದರ ಕಾಗದಪತ್ರಗಳು ಎಂದೋ ಗೆದ್ದಲಿಗೆ ಆಹಾರವಾಗಿದ್ದವು. ಹಾಗಾಗಿ 2025ರ ಜನವರಿಯ ಒಂದು ಭಾನುವಾರ, ದೋಣಿ ಟ್ರೇಲರಿನ ಮೇಲೆ, ಟ್ರೇಲರು ಬಾಡಿಗೆಯ ಟೆಂಪೋದ ಮೇಲೆ, ಹೀಗೆ ಉತ್ತರ ಉಪನಗರದ ಖಾಡಿಯೊಂದರ ದಂಡೆಗೆ ಹೊರಟಿತು. ವಾಹನವೇ ವಾಹನವೇರಿದ್ದನ್ನು ಕಂಡ ಟ್ರಾಫಿಕ್ ಪೊಲೀಸರೊಬ್ಬರು ನಿಲ್ಲಿಸಿ, ದೋಣಿಯನ್ನೊಮ್ಮೆ ತಟ್ಟಿ ನೋಡಿ, ನಕ್ಕು ಕಳಿಸಿದರು.

ಮುಂಬಯಿಯ ಖಾಡಿಗಳಲ್ಲಿ ಉಬ್ಬರ ಇಳಿತಗಳ ಅಂತರ ದೊಡ್ಡದು. ಹೊತ್ತು ತಪ್ಪಿದರೆ ದೋಣಿಗೂ ನೀರಿಗೂ ನಡುವೆ ಮೊಣಕಾಲುದ್ದದ ಕೆಸರು. ಪಂಚಾಂಗಕ್ಕಿಂತ ಹೆಚ್ಚು ಶ್ರದ್ಧೆಯಿಂದ ಭಾವ ಉಬ್ಬರದ ವೇಳಾಪಟ್ಟಿಯನ್ನು ಓದಿ ಇಟ್ಟುಕೊಂಡಿದ್ದರು. ಹನ್ನೊಂದೂವರೆಗೆ ಕೈಗಾಡಿಯನ್ನು ಇಳಿಸಿದೆವು. ಲೈಫ್ ಜಾಕೆಟ್ ಧರಿಸಿದ ಮೊಮ್ಮಗಳು ಮುಂದೆ, ಭಾವನ ಹಳೆಯ ಜೊತೆಗಾರರೊಬ್ಬರು ಚುಕ್ಕಾಣಿಯಲ್ಲಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ನಾನು ದೋಣಿಯ ಅಂಚನ್ನು ಹಿಡಿದಿದ್ದೆ. ಭಾವ ದಂಡೆಯಲ್ಲಿ, ಮಡಚುವ ಕುರ್ಚಿಯಲ್ಲಿ. ಹಾಯಿ ಒಮ್ಮೆ ಪಟಪಟಿಸಿ ಗಾಳಿ ತುಂಬಿಕೊಂಡಾಗ ಅಂಚು ನನ್ನ ಕೈಯಿಂದ ತಾನೇ ಜಾರಿತು.

"ಅಜ್ಜ, ಒಳಗೆ ನೀರು ಬರ್ತಾ ಇದೆ!" ಎಂದು ಆ ಹುಡುಗಿ ಕೂಗಿದ್ದು ನಮಗೆಲ್ಲ ಕೇಳಿಸಿತು. ಭಾವ ಕೂತಲ್ಲಿಂದಲೇ, "ಎಷ್ಟು ಉಂಟು ಅಂತ ಹೇಳು!" ಎಂದು ಕೂಗಿದರು.

ಮುಕ್ಕಾಲು ಗಂಟೆಯ ನಂತರ ದೋಣಿಯನ್ನು ಮೇಲೆಳೆದು, ಹಿಂಬದಿಯ ಬಿರಡೆ ತೆಗೆದು ನೀರನ್ನು ಬಕೆಟ್ಟಿಗೆ ಹಿಡಿದೆವು. ಎರಡು ಮಗ್ಗಿನಷ್ಟಿತ್ತು. ನಡುಹಲಗೆಯ ಪೆಟ್ಟಿಗೆಯ ಮುಂಭಾಗದ ಸಂದಿಯಿಂದಲೇ ಬಂದದ್ದೆಂದು ಒದ್ದೆಯ ಗೆರೆ ತೋರಿಸುತ್ತಿತ್ತು. ನನ್ನ ಮೂರನೆಯ ಭಾನುವಾರದ ಕೆಲಸ ಅದು. ಭಾವ ಸೀಮೆಸುಣ್ಣ ಕೇಳಿ ಪಡೆದು, ಅಲ್ಲೊಂದು ಗುರುತು ಹಾಕಿ, ಟ್ರೇಲರಿನ ಗುಂಬಗಳನ್ನು ಮುಟ್ಟಿ ನೋಡುವಂತೆ ನನಗೆ ಹೇಳಿದರು. ತಣ್ಣಗಿದ್ದವು. ಟೆಂಪೋದ ಮೇಲೆ ಬಂದವಲ್ಲವೇ.